ಅಲ್ಮೋರಾ ಸುದ್ದಿ ಬಾಗೇಶ್ವರಕ್ಕೆ ಯಾಕೆ ಬರೋದಿಲ್ಲ? ಒಂದು ಬೆಟ್ಟದ ಜಿಲ್ಲೆ, ಅದರ ಹಿಂದಿ ಪೇಪರುಗಳು

ಬೆಟ್ಟದ ಬ್ಯಾಂಕಿನವ

ನಾನು ಸಾಗರದ ಕಡೆಯವನು. ಬ್ಯಾಂಕ್ ಕೆಲಸ. ವರ್ಗವಾಗಿ ಉತ್ತರಾಖಂಡದ ಅಲ್ಮೋರಾದಲ್ಲಿ ಎರಡು ವರ್ಷ, ಆಮೇಲೆ ಬಾಗೇಶ್ವರದಲ್ಲಿ ಒಂದೂವರೆ ವರ್ಷ ಇದ್ದೆ. ಹಿಂದಿ ಪೇಪರ್ ಓದೋಕೆ ಕಲಿತದ್ದೇ ಅಲ್ಲಿ. ಬೆಟ್ಟದ ಬುಡದ ಹಲ್ದ್ವಾನಿಯಿಂದ ರಾತ್ರಿಯೇ ಜೀಪು ಹೊರಟು ಬೆಳಿಗ್ಗೆ ಪೇಪರ್ ಕಟ್ಟು ಮೇಲಕ್ಕೆ ಬರುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿದರೆ ಊಟದ ಹೊತ್ತಿಗೆ ಬರುತ್ತದೆ. ಎಷ್ಟು ತಡವಾದರೂ ಜನ ಅಂಗಡಿ ಕಟ್ಟೆಯಲ್ಲಿ ಕೂತು ಕಾಯುತ್ತಾರೆ. ಬೇಕಾದದ್ದು ದಿಲ್ಲಿ ಸುದ್ದಿಯಲ್ಲ, ಜಿಲ್ಲೆಯ ಪುಟ.

ಅಲ್ಮೋರಾದಲ್ಲಿ ನನ್ನ ಮನೆ ಓನರ್ ಎಂಬತ್ತು ದಾಟಿದ ಅಜ್ಜ. ಬೀದಿಯ ಮಕ್ಕಳೆಲ್ಲ ಅವರನ್ನು 'ಬುಬು' ಅಂತಿದ್ದರು. ಕುಮಾವೂನ್ ಅನ್ನುವ ಆ ಬೆಟ್ಟ ಸೀಮೆಯ ಮಾತು ಕುಮಾವೂನಿ, ಅದರಲ್ಲಿ ಹಾಗಂದರೆ ಅಜ್ಜ. ನಾನೂ ಹಾಗೇ ಕರೆದೆ. ಬಾಗೇಶ್ವರಕ್ಕೆ ಹೋದ ಮೇಲೆ ಒಂದು ದಿನ ಅವರ ಫೋನು. "ನಮ್ಮ ಬೀದಿಗೆ ಹತ್ತು ದಿನದಿಂದ ನೀರಿಲ್ಲ. ಪೇಪರಲ್ಲಿ ಫೋಟೋ ಬಂದಿದೆ, ನಾನೂ ಇದೀನಿ, ನೋಡಿದೆಯಾ?" ಅದೇ ಪೇಪರ್, ಅದೇ ದಿನದ್ದು, ನನ್ನ ಮೇಜಿನ ಮೇಲೇ ಇತ್ತು. ಮೂರು ಸಲ ತಿರುವಿ ಹಾಕಿದೆ. ಬುಬು ಇರಲಿಲ್ಲ, ನೀರಿನ ಸುದ್ದಿಯೂ ಇರಲಿಲ್ಲ. ಆ ಜಾಗದಲ್ಲಿ ಬಾಗೇಶ್ವರದ ಯಾವುದೋ ಶಾಲೆಯ ಕ್ರೀಡಾಕೂಟ.

ಎರಡೂ ಊರಿಗೆ ಎಪ್ಪತ್ತು ಎಂಬತ್ತು ಕಿಲೋಮೀಟರು. 1997ರವರೆಗೆ ಬಾಗೇಶ್ವರ ಅಲ್ಮೋರಾ ಜಿಲ್ಲೆಯಲ್ಲೇ ಇತ್ತು. ಅರ್ಧ ಜನ ಒಬ್ಬರಿಗೊಬ್ಬರು ನೆಂಟರು. ಆದರೂ ಪೇಪರಿನಲ್ಲಿ ಬೇರೆ ಬೇರೆ ಲೋಕ. ಸುದ್ದಿ ಇಷ್ಟು ಜಾಸ್ತಿಯಾದ ಮೇಲೂ ಗೊತ್ತಾಗುವುದು ಕಡಿಮೆಯಾಯಿತಲ್ಲ, ಇದು ಹೇಗೆ? ಬುಬುಗೆ ಕೇಳಿದರೆ "ಶಕ್ತಿ ಪೇಪರಿನ ಕಾಲದಲ್ಲಿ ಹೀಗಿರಲಿಲ್ಲ" ಅನ್ನುತ್ತಿದ್ದರು. ಆ ಕಥೆ ಗೊತ್ತಿರುವವರು ಹೇಳಿ.

ಹಳೇ ಮೇಷ್ಟ್ರು

ಬ್ಯಾಂಕಿನವರೇ, ಒಳ್ಳೆಯ ಊರಿಗೆ ಹೋಗಿದ್ದೀರಿ. ನಾನು ಇತಿಹಾಸ ಪಾಠ ಮಾಡಿಕೊಂಡಿದ್ದವನು. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಅಲ್ಮೋರಾದಲ್ಲಿ 1871ರಲ್ಲೇ ಒಂದು ಹಿಂದಿ ಪತ್ರಿಕೆ ಶುರುವಾಯಿತು. ಹೆಸರು 'ಅಲ್ಮೋರಾ ಅಖ್ಬಾರ್'. ಊರಿನ ಓದುಬರಹ ಬಲ್ಲವರು ಕಟ್ಟಿಕೊಂಡಿದ್ದ ಚರ್ಚಾಕೂಟವೊಂದು ಅದರ ಹಿಂದಿತ್ತು. ಬುದ್ಧಿವಲ್ಲಭ ಪಂತ್ ಮುಂದಾಳು. ಆಗ ರೈಲು ಬೆಟ್ಟದ ಬುಡಕ್ಕೂ ಬಂದಿರಲಿಲ್ಲ. ಅಂಥ ಕಡೆ ಪ್ರೆಸ್ಸು ತಂದು ಪೇಪರ್ ತೆಗೆದರು ಅಂದರೆ ಯೋಚನೆ ಮಾಡಿ. ಮೊದಮೊದಲು ಅದೇನೂ ಸರ್ಕಾರದ ಮೇಲೆ ಏರಿ ಹೋಗುವ ಪೇಪರ್ ಅಲ್ಲ. ವಿನಯದಿಂದ ಅರ್ಜಿ ಬರೆಯುವ ಪೇಪರ್.

1913ರಲ್ಲಿ ಬದರೀದತ್ತ ಪಾಂಡೆ ಸಂಪಾದಕರಾದರು. ಅಲಹಾಬಾದಿನ 'ಲೀಡರ್'ನಲ್ಲಿ ಕೆಲಸ ಕಲಿತು ಬಂದವರು. ಪೇಪರಿನ ದನಿಯೇ ಬದಲಾಯಿತು. ಕಾಡಿನ ಕಾನೂನು, ಬಿಟ್ಟಿ ಚಾಕರಿ, ಅಧಿಕಾರಿಗಳ ದರ್ಬಾರು ಎಲ್ಲವನ್ನೂ ಹೆಸರು ಹಿಡಿದು ಬರೆದರು. ಮಾರಾಟವೂ ಏರಿತು. 1918ರಲ್ಲಿ ಡೆಪ್ಯುಟಿ ಕಮಿಷನರ್ ಲೋಮಸ್ ಬಗ್ಗೆ ಬರೆದದ್ದು ಮುಳುವಾಯಿತು. ಬೇಟೆಗೆ ಹೋದ ಸಾಹೇಬ ಒಬ್ಬ ಕೂಲಿಯ ಮೇಲೆ ಗುಂಡು ಹಾರಿಸಿದ ಅನ್ನುವುದು ಸುದ್ದಿ. ಅದೇ ಹೊತ್ತಿಗೆ ಹೋಳಿ ಸಂಚಿಕೆಯಲ್ಲಿ ಜೀಹುಜೂರ್ ಗಿರಾಕಿಗಳನ್ನು ಗೇಲಿ ಮಾಡಿದ್ದರು. ಸರ್ಕಾರ ಸಾವಿರ ರೂಪಾಯಿ ಜಾಮೀನು ಕಟ್ಟಿ ಅಂದಿತು. 1910ರ ಪತ್ರಿಕಾ ಕಾನೂನಿನ ಹತಾರ ಅದೇ, ಪೇಪರಿನ ಬಾಯಿ ಮುಚ್ಚಬೇಕಿಲ್ಲ, ಜೇಬು ಹಿಂಡಿದರೆ ಸಾಕು. 'ಅಲ್ಮೋರಾ ಅಖ್ಬಾರ್' ನಿಂತಿತು.

ಆಗ ಪಕ್ಕದ 'ಗಢವಾಲಿ' ಪತ್ರಿಕೆ ಹಾಕಿದ ಒಂದು ಮಾತು ಆ ಕಡೆ ಇವತ್ತಿಗೂ ಓಡಾಡುತ್ತದೆ. ಒಂದೇ ಗುಂಡಿಗೆ ಮೂರು ಬೇಟೆ: ಕೂಲಿ, ಕೋಳಿ ಮತ್ತು ಅಲ್ಮೋರಾ ಅಖ್ಬಾರ್. ಕನ್ನಡದಲ್ಲಿ ಹೇಳಿದರೆ ಪ್ರಾಸವೂ ಕೂಡಿಬರುತ್ತದೆ, ನೋಡಿ.

ಅದೇ ವರ್ಷ ವಿಜಯದಶಮಿಗೆ, ಅಕ್ಟೋಬರ್ 15ಕ್ಕೆ, ಪಾಂಡೆ ಮತ್ತು ಗೆಳೆಯರು ದೇಶಭಕ್ತ ಪ್ರೆಸ್ಸಿನಿಂದ ಹೊಸ ವಾರಪತ್ರಿಕೆ ತಂದರು. ಅದೇ ನಿಮ್ಮ ಬುಬು ಹೇಳುವ 'ಶಕ್ತಿ'.

ಸುಮ್ನೆ ಕೇಳ್ದೆ

ಒಂದು ಅನುಮಾನ. ಇಲ್ಲಿ ಬ್ಯಾಂಕಿಗೆ ಹೋದರೆ ಹಿಂದಿ, ರೈಲ್ವೆ ಸ್ಟೇಷನ್ನಿಗೆ ಹೋದರೆ ಹಿಂದಿ ಅಂತ ನಾವೇ ಗೊಣಗುತ್ತೇವೆ. ಈಗ ಕೂತು ಹಿಂದಿ ಪೇಪರಿನ ಚರಿತ್ರೆ ಓದಬೇಕಾ?

ಧಾರವಾಡದಾಕಿ

ಅಲ್ಲರೀ, ಹೇರಿಕೆ ಬೇಡ ಅನ್ನೋದು ಬ್ಯಾರೆ, ಒಂದು ಊರಿನ ಕಥಿ ಕೇಳೋದು ಬ್ಯಾರೆ. ಮರಾಠಿ 'ಕೇಸರಿ' ಓದಿಕೊಂಡೇ ನಮ್ಮ ಮುತ್ತಜ್ಜ ಸ್ವರಾಜ್ಯದ ಮಾತು ಕಲಿತದ್ದು. ಹಂಗಂತ ಅವರೇನು ಕನ್ನಡ ಬಿಟ್ಟರೇನು?

ಇನ್ನೊಂದು. ಮೇಷ್ಟ್ರು ಬಿಟ್ಟಿ ಚಾಕರಿ ಅಂದರಲ್ಲ, ಅಲ್ಲಿಯವರು ಅದಕ್ಕೆ 'ಬೇಗಾರ್' ಅಂತಾರ. ನಮ್ಮ ಕಡೆ ಎರಡನ್ನೂ ಜೋಡಿಸಿ 'ಬಿಟ್ಟಿ ಬೇಗಾರಿ' ಅಂತೀವಿ. ನಮ್ಮ ಹಳೇ ಶಾಸನಗಳಲ್ಲೂ ಬಿಟ್ಟಿ ಅನ್ನೋ ಮಾತು ಸಿಗತದ. ಜಾಮೀನಿನ ಕಥಿನೂ ನಮಗ ಹೊಸದಲ್ಲ. ಮೈಸೂರಿನಾಗ 1908ರ ಪತ್ರಿಕಾ ಕಾನೂನು ಬಂದಾಗ ತಾತಯ್ಯ ಅಂತ ಕರೀತಿದ್ದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪೇಪರ್ ನಿಲ್ಲಿಸಿದರು. ದೂರದ ಕಥಿ ಅಂತ ಅನಸೂದಿಲ್ಲ ನನಗ.

ಮೇಷ್ಟ್ರೇ, ಬೇಗಾರದ ಬಗ್ಗೆ ಇನ್ನಷ್ಟು ಹೇಳ್ರಿ.

ಸುಮ್ನೆ ಕೇಳ್ದೆ

ಸರಿ ಅಕ್ಕಾ, ಹೆಸರೇ ಸುಮ್ನೆ ಕೇಳ್ದೆ. ಮುಂದುವರೀಲಿ.

ಹಳೇ ಮೇಷ್ಟ್ರು

ಬೇಗಾರ ಮೂರು ಬಗೆ. ಕುಲಿ ಬೇಗಾರ್ ಅಂದರೆ ಕಾಸು ಕೊಡದೆ ದುಡಿಸುವುದು. ಕುಲಿ ಉತಾರ್ ಅಂದರೆ ಕೂಲಿ ಕೊಡುತ್ತೇವೆ ಅಂತ ಲೆಕ್ಕದಲ್ಲಿ ಇರುತ್ತದೆ, ಕೊಟ್ಟರೆ ಕೊಟ್ಟರು. ಕುಲಿ ಬರ್ದಾಯಿಶ್ ಅಂದರೆ ಸಾಹೇಬರ ಬಿಡಾರಕ್ಕೆ ಹಾಲು, ಹಿಟ್ಟು, ಸೌದೆ, ಹುಲ್ಲು ಪುಕ್ಕಟೆ ಒದಗಿಸುವುದು. ರಸ್ತೆ ಇಲ್ಲದ ಬೆಟ್ಟದಲ್ಲಿ ಅಧಿಕಾರಿ ಪ್ರವಾಸ ಹೊರಟರೆ ಗಂಟುಮೂಟೆ ಹೊರಲು ಊರವರು ಬರಬೇಕು. ಬಿತ್ತನೆಯೋ ಕೊಯ್ಲೋ, ಕೇಳುವ ಹಾಗಿಲ್ಲ. ಯಾರ ಸರದಿ ಯಾವಾಗ ಅಂತ ಊರಿನ ಪ್ರಧಾನನ ಹತ್ತಿರ ಕೂಲಿ ರಿಜಿಸ್ಟರ್ ಇರುತ್ತಿತ್ತು. ಗುಲಾಮಗಿರಿಗೆ ಒಂದು ಹಾಜರಿ ಪುಸ್ತಕ ಅನ್ನಿ.

ಮನೆಮನೆಯಲ್ಲಿ ಇದ್ದ ಈ ನೋವನ್ನು ವಾರ ವಾರ ಅಚ್ಚು ಹಾಕಿ, ಇದು ನಿನ್ನೊಬ್ಬನ ಹಣೆಬರಹ ಅಲ್ಲ ಅಂತ ತಿಳಿಸಿದ್ದು 'ಶಕ್ತಿ'. ಬಾಗೇಶ್ವರದ ರೈತ ಅನುಭವಿಸಿದ್ದು ಚಂಪಾವತ್‌ನವನಿಗೆ ಗೊತ್ತಾಯಿತು. 1916ರಲ್ಲಿ ಕುಮಾವೂನ್ ಪರಿಷತ್ತು ಕಟ್ಟಿದ್ದರು. ಅದರ ಸಭೆ, ಠರಾವು ಎಲ್ಲ ಪೇಪರಿನಲ್ಲಿ.

1921ರ ಜನವರಿ. ಬಾಗೇಶ್ವರದಲ್ಲಿ ಸರಯೂ ಮತ್ತು ಗೋಮತಿ ಸೇರುವ ಕಡೆ ಬಾಗನಾಥ ದೇವಸ್ಥಾನ. ಅಲ್ಲಿ ಮಕರ ಸಂಕ್ರಾಂತಿಗೆ ಉತ್ತರಾಯಣಿ ಜಾತ್ರೆ. ಪಾಂಡೆ, ಹರಗೋವಿಂದ ಪಂತ್, ಚಿರಂಜೀಲಾಲ್ ಜಾತ್ರೆಗೆ ಹೋದರು. ಹತ್ತು ಸಾವಿರಕ್ಕೂ ಹೆಚ್ಚು ಜನ. ಡೆಪ್ಯುಟಿ ಕಮಿಷನರ್ ಡೈಬಲ್ ಪೊಲೀಸರೊಂದಿಗೆ ಅಲ್ಲೇ ಬಿಡಾರ ಹೂಡಿದ್ದ. ಜನ ಸರಯೂ ನೀರು ಕೈಯಲ್ಲಿ ಹಿಡಿದು, ಇನ್ನು ಬೇಗಾರ ಕೊಡುವುದಿಲ್ಲ ಅಂತ ಆಣೆ ಮಾಡಿದರು. ಪ್ರಧಾನರು ತಂದಿದ್ದ ರಿಜಿಸ್ಟರುಗಳನ್ನು ಹೊಳೆಗೆ ಎಸೆದರು. ಗುಂಡು ಹಾರಲಿಲ್ಲ. ಸಾಹೇಬನ ಕಡೆ ಕೈಬೆರಳೆಣಿಕೆಯ ಪೊಲೀಸರು, ಎದುರಿಗೆ ಜಾತ್ರೆ. ಆಮೇಲೆ ಆ ಪದ್ಧತಿ ಮತ್ತೆ ಏಳಲಿಲ್ಲ.

ಪಾಂಡೆಯವರಿಗೆ ಕೂರ್ಮಾಂಚಲ ಕೇಸರಿ ಅಂತ ಹೆಸರು ಬಂತು. ಕೂರ್ಮಾಂಚಲ ಅಂದರೆ ಕುಮಾವೂನ್. 1937ರಲ್ಲಿ ಅವರು ಬರೆದ ಕುಮಾವೂನಿನ ಇತಿಹಾಸ ಅಚ್ಚಾಯಿತು. ಪೇಪರಿನ ಸಂಪಾದಕನೇ ಜಿಲ್ಲೆಯ ಚರಿತ್ರೆಕಾರನೂ ಆದ. 1955ರ ಉಪಚುನಾವಣೆಯಲ್ಲಿ ಅಲ್ಮೋರಾದಿಂದ ಲೋಕಸಭೆಗೂ ಹೋದ. ಹಾಗಾಗಿ ಆ ಜಿಲ್ಲೆಯಲ್ಲಿ ಪತ್ರಿಕೆ ಯಾವುದು, ಇತಿಹಾಸ ಯಾವುದು, ರಾಜಕೀಯ ಯಾವುದು ಅಂತ ಗೆರೆ ಎಳೆಯುವುದು ಕಷ್ಟ.

ಬೆಟ್ಟದ ಬ್ಯಾಂಕಿನವ

ಮೇಷ್ಟ್ರೇ, ಆ ಹೊಳೆದಂಡೆಯಲ್ಲಿ ನಾನು ದಿನಾ ಸಂಜೆ ವಾಕಿಂಗ್ ಹೋಗುತ್ತಿದ್ದೆ! ಸಂಕ್ರಾಂತಿಗೆ ನಾವು ಎಳ್ಳು ಬೆಲ್ಲ ಹಂಚುವ ಹೊತ್ತಿಗೆ ಅಲ್ಲಿ ಮಕ್ಕಳು ಸಿಹಿ ಹಿಟ್ಟಿನ ಘುಘುತೆ ಕರಿದು ಹಾರ ಮಾಡಿ ಕೊರಳಿಗೆ ಹಾಕಿಕೊಂಡು ಕಾಗೆ ಕರೆಯುತ್ತಾರೆ. ಜಾತ್ರೆಯಲ್ಲಿ ಈಗಲೂ ರಾಜಕೀಯ ಪಕ್ಷದವರೆಲ್ಲ ಪೆಂಡಾಲ್ ಹಾಕಿ ಭಾಷಣ ಮಾಡುತ್ತಾರೆ. ಯಾಕೆ ಅಂತ ಈಗ ತಿಳಿಯಿತು.

ಕೋಲಾರದ ಹುಡುಗ

ಮೇಷ್ಟ್ರು ಚೆನ್ನಾಗಿ ಹೇಳಿದರು. ಆದರೆ ಒಂದು ಕಡೆಯಿಂದಲೇ ಹೇಳಿದರು ಅನ್ನಿಸಿತು. ಬೇಸರ ಬೇಡ ಸರ್.

ಸಾಹೇಬನ ಬಿಟ್ಟಿ ಹೋಯಿತು, ಸರಿ. ಊರೊಳಗಿನ ಬಿಟ್ಟಿ? ಕೂಲಿ ರಿಜಿಸ್ಟರ್ ಬಹುಪಾಲು ಜಮೀನು ಹಿಡಿದವರ ಲೆಕ್ಕ. ಬೆಟ್ಟದ ದಲಿತರಿಗೆ ಜಮೀನೇ ಇರಲಿಲ್ಲ ಅಂದರೂ ನಡೆಯುತ್ತದೆ. ಕಮ್ಮಾರರು, ತಾಮ್ರದ ಕೆಲಸದವರು, ಕಲ್ಲು ಕಟ್ಟುವವರು, ಡೋಲು ಬಾರಿಸುವವರು. ಅವರು ಮೇಲ್ಜಾತಿ ಮನೆಗೆ ಮಾಡುತ್ತಿದ್ದ ಚಾಕರಿ ಯಾವ ಹೊಳೆಗೂ ಬೀಳಲಿಲ್ಲ. ಅವರ ಮದುವೆಯ ದಿಬ್ಬಣ ಪಲ್ಲಕ್ಕಿಯಲ್ಲಿ ಹೋಗುವ ಹಾಗಿರಲಿಲ್ಲ. ಗಢವಾಲದ ಕಡೆ ಜಯಾನಂದ ಭಾರತಿ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು.

ಅಲ್ಮೋರಾದಿಂದಲೇ 1934ರಲ್ಲಿ ಇನ್ನೊಂದು ಹಿಂದಿ ವಾರಪತ್ರಿಕೆ ಬಂತು. ಹೆಸರು 'ಸಮತಾ'. ತಂದವರು ಹರಿಪ್ರಸಾದ್ ಟಮ್ಟಾ. ತಾಮ್ರದ ಕೆಲಸದ ಸಮುದಾಯದವರು. ತಮ್ಮ ಜನರನ್ನು ಬೈಗುಳದ ಹೆಸರಿನಿಂದ ಕರೆಯಬಾರದು, 'ಶಿಲ್ಪಕಾರ' ಅಂತ ಕರೆಯಬೇಕು ಅಂತ ಪಟ್ಟು ಹಿಡಿದವರು. ಮುಂದೆ ಲಕ್ಷ್ಮೀದೇವಿ ಟಮ್ಟಾ ಅದರ ಸಂಪಾದನೆ ಮಾಡಿದರು. ಆ ಕಾಲಕ್ಕೆ, ಆ ಬೆಟ್ಟದಲ್ಲಿ, ದಲಿತ ಹೆಣ್ಣುಮಗಳೊಬ್ಬಳು ಪೇಪರಿನ ಸಂಪಾದಕಿ! ಜಿಲ್ಲೆಯ ಇತಿಹಾಸ ಅಂದರೆ 'ಶಕ್ತಿ' ಹೆಸರು ಮೊದಲು ಬರುತ್ತದೆ, 'ಸಮತಾ' ಹೆಸರು ಯಾರಾದರೂ ಕೇಳಿದರೆ ಮಾತ್ರ ಬರುತ್ತದೆ.

ಹಳೇ ಮೇಷ್ಟ್ರು

ಬೇಸರ ಯಾಕಪ್ಪಾ, ನೀನು ಹೇಳಿದ್ದು ನಾನು ಹೇಳಬೇಕಿತ್ತು. ಪಾಠ ಮಾಡುವಾಗಲೂ 'ಸಮತಾ' ಬಿಟ್ಟು ಮುಂದೆ ಹೋಗುತ್ತಿದ್ದೆ. ಸಿಲಬಸ್‌ನಲ್ಲಿ ಇರಲಿಲ್ಲ ಅಂತ ಸಬೂಬು ಹೇಳಬಹುದು. ಆದರೆ ಸಿಲಬಸ್‌ನಲ್ಲಿ ಇಲ್ಲದ್ದು ಎಷ್ಟೋ ಹೇಳುತ್ತಿದ್ದೆನಲ್ಲ.

ಬೆಟ್ಟದ ಬ್ಯಾಂಕಿನವ

ನಮ್ಮ ಬ್ಯಾಂಕಿಗೆ ತಾಮ್ರದ ಕೆಲಸ ಮಾಡುವ ಟಮ್ಟಾ ಮನೆಯವರು ಸಾಲಕ್ಕೆ ಬರುತ್ತಿದ್ದರು. ಗಾಗರ್ ಅಂತ ತಾಮ್ರದ ಬಿಂದಿಗೆ ಮಾಡುತ್ತಾರೆ. ಸುತ್ತಿಗೆ ಗುರುತು ಒಂದರ ಪಕ್ಕ ಒಂದು ಪೋಣಿಸಿದ ಹಾಗೆ. ಈಗ ಅಂಗಡಿಯಲ್ಲಿ ಫ್ಯಾಕ್ಟರಿ ಮಾಲೇ ಜಾಸ್ತಿ. ಅವರಲ್ಲಿ ಒಬ್ಬರು ಸಾಲದ ಫಾರಂ ತುಂಬುವಾಗ "ನಮ್ಮ ಅಜ್ಜಂದಿರ ಕಾಲದಲ್ಲಿ ನಮ್ಮದೇ ಪೇಪರ್ ಇತ್ತು" ಅಂದಿದ್ದರು. ಜಂಬ ಕೊಚ್ಚುತ್ತಿದ್ದಾರೆ ಅಂದುಕೊಂಡಿದ್ದೆ. ಈಗ ನಾಚಿಕೆಯಾಗುತ್ತಿದೆ.

ಕರಾವಳಿ ಅಕ್ಕ

ನನ್ನದೊಂದು ಪ್ರಶ್ನೆ. ಅಲ್ಲಿ ಮನೆಮಾತು ಹಿಂದಿ ಅಲ್ಲವಲ್ಲ? ಕುಮಾವೂನಿ ಬೇರೆಯೇ ಭಾಷೆ. ಮತ್ತೆ ಪೇಪರ್ ಯಾಕೆ ಹಿಂದಿಯಲ್ಲಿ? ನಮ್ಮ ಕಡೆಯೂ ಹಾಗೇ ಮಾರಾಯ್ರೆ. ಮನೆಯಲ್ಲಿ ತುಳು, ಪೇಪರ್ ಕನ್ನಡ. 1843ರ 'ಮಂಗಳೂರು ಸಮಾಚಾರ'ದಿಂದ ಹಿಡಿದು 1970ರಲ್ಲಿ ಮಣಿಪಾಲದಲ್ಲಿ ಶುರುವಾದ 'ಉದಯವಾಣಿ'ವರೆಗೆ ಎಲ್ಲ ಕನ್ನಡವೇ. ನಾವು ಯಾರೂ ಅದನ್ನು ಪರಭಾಷೆ ಅಂತ ಎಣಿಸಲಿಲ್ಲ. ಆದರೆ ನನ್ನ ಅಜ್ಜಿ ಸಾಯುವವರೆಗೆ ಪೇಪರ್ ಓದಲಿಲ್ಲ. ಓದು ಬಾರದೆ ಅಲ್ಲ. "ಅದರಲ್ಲಿ ನಾವು ಮಾತಾಡುವ ಹಾಗೆ ಯಾರೂ ಮಾತಾಡುವುದಿಲ್ಲ" ಅನ್ನುತ್ತಿದ್ದರು.

ದಿಲ್ಲಿ ಕನ್ನಡಿಗ

ಅಕ್ಕಾ, ಆ ಪ್ರಶ್ನೆ ಅವರಿಗೂ ಇತ್ತು. 1938ರಲ್ಲಿ ಅಲ್ಮೋರಾದಿಂದ 'ಅಚಲ್' ಅಂತ ಕುಮಾವೂನಿ ಮಾಸಿಕ ಬಂತು. ಬಹಳ ದಿನ ಬಾಳಲಿಲ್ಲ. ಈಗ 'ಪಹರೂ' ಅಂತ ಒಂದು ಕುಮಾವೂನಿ ಮಾಸಿಕ ಅಲ್ಮೋರಾದಿಂದಲೇ ಬರುತ್ತದೆ. ಅಂದರೆ ಸುದ್ದಿ ಹಿಂದಿಯಲ್ಲಿ, ಹಾಡು ಕಥೆ ಮನೆಮಾತಿನಲ್ಲಿ.

ನಾನು ನೋಡಿದ ಮಟ್ಟಿಗೆ ಹಿಂದಿ ಅವರಿಗೆ ಎರಡು ಕೆಲಸ ಮಾಡಿತು. ಕಣಿವೆಗೊಂದು ಉಚ್ಚಾರಣೆ ಇರುವ ಬೆಟ್ಟದವರನ್ನು ಒಂದು ಪುಟದಲ್ಲಿ ಕೂರಿಸಿತು. ಅದು ಲಾಭ. ಊರ ಹೆಂಗಸರು ಹುಲ್ಲು ಕೊಯ್ಯುತ್ತಾ ಆಡುವ ಮಾತು ಮಾತ್ರ ಪೇಪರಿಗೆ ಬರಲೇ ಇಲ್ಲ. ಅದು ನಷ್ಟ. 1921ರ ಬೇಸಿಗೆಯಲ್ಲಿ ಕುಮಾವೂನಿನ ಮೀಸಲು ಕಾಡುಗಳಿಗೆ ಊರವರು ಬೆಂಕಿ ಇಟ್ಟರು. ಸರ್ಕಾರ ವಿಚಾರಣಾ ಸಮಿತಿ ಕೂರಿಸಬೇಕಾಯಿತು. ಮುಂದೆ 1931ರಲ್ಲಿ ಊರವರೇ ಕಾಡು ನೋಡಿಕೊಳ್ಳುವ ವನ ಪಂಚಾಯ್ತಿ ನಿಯಮ ಬಂದದ್ದು ಆ ಒತ್ತಡದಿಂದಲೇ. ಹುಲ್ಲು ಸೌದೆ ತರುವವರು ಹೆಂಗಸರು. ಕಾಡಿಗೆ ಬೇಲಿ ಬಿದ್ದರೆ ಮೊದಲ ಏಟು ಅವರಿಗೆ. ಆದರೆ ಆ ಕಾಲದ ಪೇಪರಿನಲ್ಲಿ ಕಾಡಿನ ಬಗ್ಗೆ ಮಾತಾಡುವವರೆಲ್ಲ ವಕೀಲರು.

ಸುಮ್ನೆ ಕೇಳ್ದೆ

ಇದು ಒಪ್ಪಿದೆ. ಆದರೆ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಬುಬು ಫೋಟೋ ಎಲ್ಲಿ ಹೋಯಿತು?

ನಿವೃತ್ತ ಸಬ್ ಎಡಿಟರ್

ಅದಕ್ಕೆ ನಾನು ಹೇಳುತ್ತೇನೆ. ಇಪ್ಪತ್ತೆರಡು ವರ್ಷ ಕನ್ನಡ ಪೇಪರೊಂದರ ಜಿಲ್ಲಾ ಡೆಸ್ಕಿನಲ್ಲಿ ಕೂತವನು. ಹಿಂದಿ ಪೇಪರಿನವರ ಜೊತೆ ಒಂದೆರಡು ತರಬೇತಿಯಲ್ಲಿ ಕೂತು ಹರಟಿದ್ದೇನೆ. ಕಸುಬು ಒಂದೇ.

ಮೊದಲು ಒಂದು ಕೇಂದ್ರದಲ್ಲಿ ಅಚ್ಚಾಗಿ ಎಲ್ಲ ಕಡೆಗೂ ಒಂದೇ ಡಾಕ್ ಎಡಿಷನ್ ಹೋಗುತ್ತಿತ್ತು. 'ಅಮರ್ ಉಜಾಲಾ' 1948ರಲ್ಲಿ ಆಗ್ರಾದಲ್ಲಿ ಹುಟ್ಟಿದ್ದು. 1969ರಲ್ಲಿ ಬರೇಲಿಯಿಂದ ಅಚ್ಚು ಹಾಕತೊಡಗಿತು. ಕುಮಾವೂನಿಗೆ ಪೇಪರ್ ಹತ್ತುತ್ತಿದ್ದದ್ದು ಅಲ್ಲಿಂದ. 'ದೈನಿಕ್ ಜಾಗರಣ್' 1942ರಲ್ಲಿ ಝಾನ್ಸಿಯಲ್ಲಿ ಶುರುವಾಗಿ ಕಾನ್ಪುರಕ್ಕೆ ಹೋಗಿ ಬೆಳೆದದ್ದು. ಪ್ರಿಂಟಿಂಗ್ ಕೇಂದ್ರ ಹತ್ತಿರ ಬಂದಷ್ಟೂ ಪುಟ ಬದಲಿಸುವುದು ಸುಲಭ. ಈಗ ಬೆಟ್ಟದ ಬುಡದ ಹಲ್ದ್ವಾನಿಯಲ್ಲೇ ಮಷೀನು. ಸಂಜೆ ಎಂಟಕ್ಕೆ ಒಂದು ಜಿಲ್ಲೆಯ ಅಚ್ಚಿನ ಪ್ಲೇಟು, ಒಂಬತ್ತಕ್ಕೆ ಇನ್ನೊಂದು. ಮುಖಪುಟ ಅದೇ. ಒಳಗಿನ ನಾಲ್ಕು ಪುಟ ಬೇರೆ. ಬುಬು ಫೋಟೋ ಅಲ್ಮೋರಾ ಪ್ಲೇಟಿನಲ್ಲಿತ್ತು. ಬಾಗೇಶ್ವರದ ಪ್ಲೇಟಿಗೆ ಅದನ್ನು ತೆಗೆದು ಕ್ರೀಡಾಕೂಟ ಹಾಕಿದರು. ಅಷ್ಟೇ.

ಯಾಕೆ ಹಾಗೆ ಅಂದರೆ ಜಾಹೀರಾತು. ಬಾಗೇಶ್ವರದ ಬಟ್ಟೆ ಅಂಗಡಿಯವನು ಅಲ್ಮೋರಾ ಓದುಗನಿಗೆ ಯಾಕೆ ದುಡ್ಡು ಕೊಡುತ್ತಾನೆ? ಜಿಲ್ಲೆಗೊಂದು ಪುಟ ಇದ್ದರೆ ಜಿಲ್ಲೆಗೊಂದು ರೇಟು. ಆಗಸ್ಟ್ 15, ಜನವರಿ 26, ದೀಪಾವಳಿ ಬಂತೆಂದರೆ ನೋಡಿ. ಗ್ರಾಮ ಪ್ರಧಾನರಿಂದ ಹಿಡಿದು ಕಂಟ್ರಾಕ್ಟರ್‌ವರೆಗೆ ಕೈಮುಗಿದ ಫೋಟೋಗಳ ಸಾಲು. ಅದನ್ನು ತರುವವನು ಯಾರು? ಸುದ್ದಿ ತರುವವನೇ. ಬಿಡಿ ಸುದ್ದಿಗಾರನಿಗೆ ಸಂಬಳ ಅನ್ನುವಂಥದ್ದು ಇರುವುದಿಲ್ಲ, ಜಾಹೀರಾತಿನ ಕಮಿಷನ್ನೇ ಜೀವನ. ಕೆಲವು ಕಡೆ ಪೇಪರ್ ಏಜೆನ್ಸಿಯೂ ಅವನದೇ. ಜನವರಿಯಲ್ಲಿ ಪ್ರಧಾನನ ಶುಭಾಶಯ ತಂದವನು ಫೆಬ್ರವರಿಯಲ್ಲಿ ಅದೇ ಪ್ರಧಾನನ ರಸ್ತೆ ಕಾಮಗಾರಿ ಹಗರಣ ಬರೆಯಬೇಕು. ಬರೆಯುತ್ತಾನಾ? ನಾನೇ ಎಷ್ಟೋ ಅಂಥ ಸುದ್ದಿಯನ್ನು ಎರಡು ಸಾಲಿಗೆ ಇಳಿಸಿದ್ದೇನೆ. ನಮ್ಮ ಬ್ಯೂರೋದಿಂದ "ಸಾರ್, ಸ್ವಲ್ಪ ನೋಡಿಕೊಳ್ಳಿ" ಅಂತ ಫೋನ್ ಬಂದರೆ ಸಾಕು, ಕತ್ತರಿ ತಾನೇ ಓಡುತ್ತಿತ್ತು.

ಆದರೆ ಬೈದು ಮುಗಿಸಬೇಡಿ. ಮೊದಲು ಡಾಕ್ ಎಡಿಷನ್ನಿನಲ್ಲಿ ಬೀದಿಯ ನಲ್ಲಿ ಸುದ್ದಿಯೇ ಆಗುತ್ತಿರಲಿಲ್ಲ. ಹಳ್ಳಿಯ ಹೆಸರು ಪೇಪರಿನಲ್ಲಿ ಬರಬೇಕಾದರೆ ಬಸ್ಸು ಕಣಿವೆಗೆ ಬೀಳಬೇಕಿತ್ತು. ಈಗ ನೀರಿಲ್ಲ ಅಂತ ಫೋಟೋ ಬಂದರೆ ಎರಡು ದಿನದಲ್ಲಿ ಇಂಜಿನಿಯರ್ ಬರುತ್ತಾನೆ. ಬುಬುಗೆ ನೀರು ಬಂತೋ ಇಲ್ಲವೋ ಕೇಳಿ.

ಬೆಟ್ಟದ ಬ್ಯಾಂಕಿನವ

ಬಂತು ಸರ್. ಮೂರನೇ ದಿನ. ಕೋಸಿ ನದಿಯಿಂದ ಪಂಪ್ ಮಾಡಿ ಮೇಲಕ್ಕೆ ಏರಿಸುವ ನೀರು, ಯಾವಾಗಲೂ ತಾಪತ್ರಯವೇ. ಬುಬು ಆ ಪೇಪರನ್ನು ಮಡಿಸಿ ದೇವರ ಗೂಡಿನಲ್ಲಿ ಇಟ್ಟಿದ್ದಾರೆ.

ಆದರೆ ನನಗೆ ಅನ್ನಿಸುವುದು ಬೇರೆ. ಬಾಗೇಶ್ವರದಲ್ಲೂ ಅದೇ ವಾರ ಎರಡು ಬೀದಿಗೆ ನೀರಿರಲಿಲ್ಲ. ಅದು ಬಾಗೇಶ್ವರದ ಪುಟದಲ್ಲಿ ಬಂದಿತ್ತು. ಬಹುಶಃ ಪಿಥೌರಾಗಢದಲ್ಲೂ ಹಾಗೇ. ನಾಲ್ಕು ಪುಟದಲ್ಲಿ ನಾಲ್ಕು ಬೀದಿಯ ನಲ್ಲಿ. ಇಡೀ ಬೆಟ್ಟದಲ್ಲಿ ನೀರಿಲ್ಲ ಅನ್ನುವ ಸುದ್ದಿ ಮಾತ್ರ ಯಾವ ಪುಟದಲ್ಲೂ ಇಲ್ಲ. ಬೇಗಾರದ ಕಾಲದಲ್ಲಿ ಈ ಮಷೀನು ಇದ್ದಿದ್ದರೆ ಪ್ರತಿ ಊರಿನ ಕೂಲಿ ಸುದ್ದಿಯೂ ಆ ಊರಿಗೇ ಅಚ್ಚಾಗಿ ಮುಗಿದಿರುತ್ತಿತ್ತು ಅಲ್ವಾ?

ನಿವೃತ್ತ ಸಬ್ ಎಡಿಟರ್

ಇದನ್ನು ನಾನು ಡೆಸ್ಕಿನಲ್ಲಿ ಇದ್ದಾಗ ಯಾರಾದರೂ ಹೇಳಿದ್ದರೆ ಜಗಳ ತೆಗೆಯುತ್ತಿದ್ದೆ. ಈಗ ಒಪ್ಪುತ್ತೇನೆ.

ದಿಲ್ಲಿ ಕನ್ನಡಿಗ

ಒಂದು ಸಲ ಆ ಮಷೀನು ಉಲ್ಟಾ ಓಡಿತು. 1994. ಉತ್ತರ ಪ್ರದೇಶದಲ್ಲಿ ಮುಲಾಯಂ ಸಿಂಗ್ ಸರ್ಕಾರ. ಹಿಂದುಳಿದ ವರ್ಗಗಳಿಗೆ ಶೇಕಡಾ 27 ಮೀಸಲಾತಿ ಬೆಟ್ಟದ ಜಿಲ್ಲೆಗಳಿಗೂ ಬಂತು. ಅದರ ವಿರುದ್ಧ ಎದ್ದ ಗಲಾಟೆ ನೋಡನೋಡುತ್ತಾ ಪ್ರತ್ಯೇಕ ರಾಜ್ಯದ ಚಳವಳಿಯಾಯಿತು. ಸೆಪ್ಟೆಂಬರ್ 1ಕ್ಕೆ ಖಟೀಮಾದಲ್ಲಿ ಗೋಲಿಬಾರ್, ಮರುದಿನ ಮಸ್ಸೂರಿಯಲ್ಲಿ. ಅಕ್ಟೋಬರ್ 2ರ ನಸುಕಿನಲ್ಲಿ ದಿಲ್ಲಿಗೆ ಹೊರಟಿದ್ದ ಚಳವಳಿಗಾರರ ಬಸ್ಸುಗಳನ್ನು ಪೊಲೀಸರು ಮುಜಫ್ಫರ್‌ನಗರದ ರಾಂಪುರ ತಿರಾಹಾದಲ್ಲಿ ತಡೆದು ಗುಂಡು ಹಾರಿಸಿದರು. ಹೆಂಗಸರ ಮೇಲೆ ಅತ್ಯಾಚಾರವೂ ಆಯಿತು. ಆಗ ಬೆಟ್ಟದ ಸುದ್ದಿಗೆ ಜಿಲ್ಲೆಯ ಗಡಿ ಇರಲಿಲ್ಲ. ಎರಡು ದೊಡ್ಡ ಹಿಂದಿ ಪೇಪರುಗಳು, ಅಮರ್ ಉಜಾಲಾ ಮತ್ತು ಜಾಗರಣ್, ಪುಟಗಟ್ಟಲೆ ಹಾಕಿದವು. ಆಳುವ ಪಕ್ಷ ಸಿಟ್ಟಿಗೆದ್ದು ಅವುಗಳ ವಿರುದ್ಧ 'ಹಲ್ಲಾ ಬೋಲ್', ಅಂದರೆ ಮುಗಿಬೀಳಿ, ಅಂತ ಕರೆ ಕೊಟ್ಟಿತು. ಪೇಪರ್ ಕಟ್ಟುಗಳಿಗೆ ಬೆಂಕಿ ಬಿತ್ತು, ಹಂಚುವವರಿಗೆ ಏಟು ಬಿತ್ತು. ಆರು ವರ್ಷದ ಮೇಲೆ, 2000ದ ನವೆಂಬರ್ 9ಕ್ಕೆ ರಾಜ್ಯ ಆಯಿತು.

ಕೋಲಾರದ ಹುಡುಗ

ಆ ಪೇಪರುಗಳ ಪುಟದಲ್ಲಿ ಮೀಸಲಾತಿ ವಿರೋಧದ ದನಿ ಎಷ್ಟಿತ್ತು ಅನ್ನುವುದನ್ನೂ ಎಣಿಸಬೇಕು ಅಣ್ಣಾ. ಬೆಟ್ಟದಲ್ಲಿ ಹಿಂದುಳಿದ ವರ್ಗದವರು ಕಡಿಮೆ, ಅದು ನಿಜ. ಆದರೆ ಆ ಚಳವಳಿಯ ಮೊದಲ ತಿಂಗಳಲ್ಲಿ ಶಿಲ್ಪಕಾರರ ಕೇರಿಯಲ್ಲಿ ಏನು ಮಾತು ನಡೆಯುತ್ತಿತ್ತು ಅಂತ ತಿಳಿಯೋಣ ಅಂದರೆ, ಆಗ 'ಸಮತಾ'ದಂಥ ಪೇಪರಿನ ದನಿ ಎಲ್ಲಿತ್ತು? ಇವತ್ತು ಅಲ್ಮೋರಾ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. 1977ರಲ್ಲಿ ಮುರಳಿ ಮನೋಹರ ಜೋಶಿ ಗೆದ್ದ ಕ್ಷೇತ್ರ, 1980ರಲ್ಲಿ ಅವರನ್ನು ಸೋಲಿಸಿ ಹರೀಶ್ ರಾವತ್ ಬಂದ ಕ್ಷೇತ್ರ. 2009ರಿಂದ ಇಬ್ಬರು ಟಮ್ಟಾಗಳು ಗೆದ್ದಿದ್ದಾರೆ, ಮೊದಲು ಕಾಂಗ್ರೆಸ್ಸಿನ ಪ್ರದೀಪ್, ಆಮೇಲೆ ಬಿಜೆಪಿಯ ಅಜಯ್. ಹರಿಪ್ರಸಾದ್ ಟಮ್ಟಾ ಪೇಪರ್ ಇದ್ದಾಗ ಲೋಕಸಭೆಯ ಈ ಮೀಸಲು ಸೀಟು ಇರಲಿಲ್ಲ. ಈಗ ಸೀಟು ಇದೆ.

ದಿಲ್ಲಿ ಕನ್ನಡಿಗ

ಒಪ್ಪಿದೆ ತಮ್ಮಾ. ಆ ಕಡೆ ಸಣ್ಣ ಪೇಪರುಗಳು ಪೂರ್ತಿ ಸತ್ತಿರಲಿಲ್ಲ ಅನ್ನುವುದನ್ನೂ ಹೇಳಬೇಕು. 1977ರ ಆಗಸ್ಟ್ 15ಕ್ಕೆ 'ನೈನಿತಾಲ್ ಸಮಾಚಾರ್' ಶುರುವಾಯಿತು, ಹದಿನೈದು ದಿನಕ್ಕೊಮ್ಮೆ ಬರುವಂಥದ್ದು. ಅಲ್ಮೋರಾದಲ್ಲಿ ಉತ್ತರಾಖಂಡ ಸಂಘರ್ಷ ವಾಹಿನಿಯವರು 'ಜಂಗಲ್ ಕೇ ದಾವೇದಾರ್' ಅಂತ ಪೇಪರ್ ತೆಗೆದರು. 1984ರಲ್ಲಿ ಬಸಭೀಡಾ ಅನ್ನುವ ಹಳ್ಳಿಯಿಂದ 'ನಶೆ ಬೇಡ, ಕೆಲಸ ಕೊಡಿ' ಚಳವಳಿ ಎದ್ದಾಗ ಬೆನ್ನಿಗೆ ನಿಂತದ್ದು ಇಂಥ ಪೇಪರುಗಳು. ಹೆಂಡದ ದಂಧೆಯ ವಿರುದ್ಧ ಬರೆದ ಪೌಡಿಯ ವರದಿಗಾರ ಉಮೇಶ್ ಡೋಭಾಲ್ 1988ರಲ್ಲಿ ಕೊಲೆಯಾದರು. ಅವರು ಅಮರ್ ಉಜಾಲಾಕ್ಕೆ ಬರೆಯುತ್ತಿದ್ದವರು. ದೊಡ್ಡ ಪೇಪರ್ ಸಣ್ಣ ಪೇಪರ್ ಅಂತ ಗೆರೆ ಎಳೆಯುವಾಗ ಅವರನ್ನು ಮರೆಯಬಾರದು.

ನಿವೃತ್ತ ಸಬ್ ಎಡಿಟರ್

'ಗಢವಾಲಿ' ಸಂಪಾದಕ ವಿಶ್ವಂಭರದತ್ತ ಚಂದೋಲಾ ನೆನಪಾದರು. 1930ರಲ್ಲಿ ಟಿಹರಿ ಸಂಸ್ಥಾನದ ತಿಲಾಡಿಯಲ್ಲಿ ರೈತರ ಮೇಲೆ ಗುಂಡು ಹಾರಿತು. ಸುದ್ದಿ ಹಾಕಿದರು. ಕೋರ್ಟು ಬರೆದವರ ಹೆಸರು ಹೇಳಿ ಅಂದಿತು. ಹೇಳಲಿಲ್ಲ. ಒಂದು ವರ್ಷ ಜೈಲು. ನಮಗೆ ಒಂದು ಫೋನಿಗೇ ಕೈ ನಡುಗುತ್ತಿತ್ತು.

ಧಾರವಾಡದಾಕಿ

ಈ ಹಳೇ 'ಶಕ್ತಿ', 'ಅಲ್ಮೋರಾ ಅಖ್ಬಾರ್' ಎಲ್ಲ ಈಗ ಓದಾಕ ಸಿಗತಾವೇನು?

ದಿಲ್ಲಿ ಕನ್ನಡಿಗ

'ಶಕ್ತಿ'ಯ ಮೈಕ್ರೋಫಿಲ್ಮ್ ದಿಲ್ಲಿಯ ತೀನ್ ಮೂರ್ತಿ ಗ್ರಂಥಾಲಯದಲ್ಲಿದೆ. ಕಣ್ಣು ಉರಿಯುತ್ತದೆ, ಆದರೆ ಓದಬಹುದು. 'ಅಲ್ಮೋರಾ ಅಖ್ಬಾರ್' ವಿಷಯ ತಮಾಷೆಯಾಗಿದೆ. ಬ್ರಿಟಿಷ್ ಸರ್ಕಾರ ದೇಶಭಾಷೆ ಪೇಪರುಗಳ ಮೇಲೆ ಕಣ್ಣಿಡಲು ವಾರ ವಾರ ಅವುಗಳ ಸಾರಾಂಶವನ್ನು ಇಂಗ್ಲಿಷಿಗೆ ಮಾಡಿಸಿ ಗುಟ್ಟಾಗಿ ಹಂಚುತ್ತಿತ್ತು. ಆ ವರದಿಗಳು ಅಚ್ಚುಕಟ್ಟಾಗಿ ಉಳಿದಿವೆ. ಹಾಗಾಗಿ ಎಷ್ಟೋ ಕಡೆ ಪೇಪರ್ ಇಲ್ಲ, ಪೇಪರಿನ ಮೇಲಿನ ಗೂಢಚಾರಿಕೆ ಇದೆ. ಬೇಲಿ ಹಾಕಿದವನೇ ಬೀಜ ಉಳಿಸಿದ.

ಕರಾವಳಿ ಅಕ್ಕ

ಈಗಿನ ಜಿಲ್ಲಾ ಪುಟಗಳನ್ನು ಯಾರು ಉಳಿಸುತ್ತಾರೆ? ಇ-ಪೇಪರ್ ಕೆಲವು ದಿನ ಆದಮೇಲೆ ತೆರೆಯುವುದೇ ಇಲ್ಲ. ಉಳಿದರೂ ನಾಲ್ಕು ಪ್ಲೇಟಿನಲ್ಲಿ ಯಾವುದು?

ಬೆಟ್ಟದ ಬ್ಯಾಂಕಿನವ

ಎರಡು ದಿನ ಬರಲಾಗಲಿಲ್ಲ. ಇದನ್ನೆಲ್ಲ ಓದಿ ಬುಬುಗೆ ಫೋನ್ ಮಾಡಿದೆ. 'ಸಮತಾ' ಬಗ್ಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಮನೆಗೆ 'ಶಕ್ತಿ' ಬರುತ್ತಿತ್ತು. ಅದು ಬರುತ್ತಿರಲಿಲ್ಲ" ಅಂದರು. ಅಷ್ಟೇ ಅಂದರು, ನಾನೂ ಕೆದಕಲಿಲ್ಲ.

ಆಮೇಲೆ ಅವರೇ ಹೇಳಿದ್ದು. ಅಟ್ಟದ ಮೇಲೆ ಒಂದು ತಗಡಿನ ಟ್ರಂಕ್ ಇದೆಯಂತೆ. ಉಣ್ಣೆ ಬಟ್ಟೆ ಇಡಲು ತಳಕ್ಕೆ ಪೇಪರ್ ಹಾಸಿ ಅಂಟು ಹಚ್ಚಿದ್ದಾರೆ. 1994ರ ಅಕ್ಟೋಬರ್ ತಿಂಗಳದ್ದು. ಅದರ ಕೆಳಗೆ ಇನ್ನೂ ಹಳೆಯದೊಂದು ಪದರ ಇದೆ, ಯಾವ ಪೇಪರೋ ಕಾಣುವುದಿಲ್ಲ. ಮೊಮ್ಮಗನಿಗೆ ಹೇಳಿ ಬಿಡಿಸಿ ಕಳಿಸಲಾ ಅಂತ ಕೇಳುತ್ತಿದ್ದಾರೆ. ಒದ್ದೆ ಬಟ್ಟೆ ಇಟ್ಟು ಮೆತ್ತಗೆ ಮಾಡಿ ಕಿತ್ತರೆ ಬರುತ್ತದಾ?

ನಿವೃತ್ತ ಸಬ್ ಎಡಿಟರ್

ಬೇಡ ಮಾರಾಯ್ರೆ, ನೀರು ಮುಟ್ಟಿಸಬೇಡಿ. ಅದು ಪೇಪರಲ್ಲ ಈಗ, ಹಪ್ಪಳ. ಮೊಮ್ಮಗನಿಗೆ ಟ್ರಂಕನ್ನೇ ಅಂಗಳಕ್ಕೆ ತಂದು ಬೆಳಕಿನಲ್ಲಿ ಮೇಲಿನ ಪದರದ ಫೋಟೋ ತೆಗೆಯಲು ಹೇಳಿ. ಮಾಸ್ಟ್ ಹೆಡ್ ಕೆಳಗೆ ಎಡಿಷನ್ ಹೆಸರು ಇರುತ್ತದೆ, ಅದನ್ನು ಹತ್ತಿರದಿಂದ ತೆಗೆಯಲಿ.

ದಿಲ್ಲಿ ಕನ್ನಡಿಗ

ಕೆಳಗಿನ ಪದರಕ್ಕೆ ಯಾರೂ ಕೈ ಹಾಕಬೇಡಿ. ದಿಲ್ಲಿಯಲ್ಲಿ ಹಳೇ ಕಾಗದ ಬಿಡಿಸುವ ಕೆಲಸ ಬಲ್ಲವರನ್ನು ವಿಚಾರಿಸುತ್ತೇನೆ. ಬುಬು ಟ್ರಂಕ್ ಕಳಿಸಲು ಒಪ್ಪುತ್ತಾರಾ, ಒಮ್ಮೆ ಕೇಳಿ.

ಬೆಟ್ಟದ ಬ್ಯಾಂಕಿನವ

ಕೇಳಿದೆ. ಚಳಿಗಾಲ ಮುಗಿಯಲಿ, ಸ್ವೆಟರ್ ಎಲ್ಲಿಡಲಿ ಅಂತಿದ್ದಾರೆ.